ಓಣಿಗೆಲ್ಲ ಒಂದೇ ಬನ್ನಿ ಎಲೆ

ಮಳೆ ಹಿಂದೆ ಸರಿದ ಮೇಲೆ ಉಣಕಲ್ ಕೆರೆಯ ಆಚೆ ಗುರೆಳ್ಳು ಹಳದಿ ಹೂವು ಬಿಡುತ್ತದೆ, ಬದುವಿನ ಹುಲ್ಲು ತೆನೆಗಟ್ಟುತ್ತದೆ. ಈ ಹೊತ್ತಿಗೆ ನಮ್ಮ ಓಣಿಯ ಹಿಂದಿನ ಬನ್ನಿ ಮರವೂ ದಟ್ಟವಾಗಿರಬೇಕು. ಈ ವರ್ಷ ಅದು ಮುಕ್ಕಾಲು ಬೋಳಾಗಿತ್ತು. ಓಣಿಯಲ್ಲಿ ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ. ನಮಗೆಲ್ಲ ದಸರೆಯ ಗಡಿಬಿಡಿ.

ಆ ಮರ ನೆಟ್ಟವರು ಪಕ್ಕದ ಮನೆಯ ಅರ್ಜುನಪ್ಪ. ಅವರು ತೀರಿಹೋಗಿ ಆರು ವರ್ಷವಾಯಿತು. ಅವರ ಹೆಂಡತಿ ಮುದಕವ್ವ ದಿನಾ ಮಧ್ಯಾಹ್ನ ಅದರ ಕಟ್ಟೆಯ ಮೇಲೆ ಕೂಡುತ್ತಾಳೆ. ಮಗ ಪ್ರತಾಪ ಧಾರಾಳ ಮನುಷ್ಯ. ದಸರೆ ಬಂತೆಂದರೆ ಕುಡಗೋಲು ಹಿಡಿದು ಮರ ಹತ್ತುತ್ತಾನೆ, ಮನೆಮನೆಗೆ ತೋಳು ತುಂಬ ಟೊಂಗೆ ಹಂಚುತ್ತಾನೆ. ಹೋದ ವರ್ಷ ನನಗೆ ಕೊಟ್ಟದ್ದು ಬಾಗಿಲಲ್ಲಿ ತೂರದಷ್ಟಿತ್ತು. ಭಾರೀ ಖುಷಿಪಟ್ಟೆ. ಮರುದಿನ ಕಸದ ಗಾಡಿಗೆ ಹಾಕಿದೆ. ಈಗ ಹೇಳಲು ನಾಚಿಕೆಯಾಗುತ್ತದೆ.

ಈ ಸಲ ಅವನು ಹತ್ತಲು ಹೊರಟಾಗ, ಶಾಲೆಯಲ್ಲಿ ವಿಜ್ಞಾನ ಕಲಿಸುವ ಅವನ ಹೆಂಡತಿ ಕರುಣಾ ಅಡ್ಡ ಬಂದಳು.

“ಸ್ವಲ್ಪ ನಿಂದರ್ರಿ. ಮೂರು ಬ್ಯಾಸಗಿ ಆತು, ಈ ಗಿಡದಾಗ ಒಂದರ ಕಾಯಿ ನೋಡೀರೇನು?”

“ಕಾಯಿ ತಗೊಂಡು ಏನ್ ಮಾಡೂದೈತಿ? ವರ್ಷಾ ಕಡೀತೇನಿ, ವರ್ಷಾ ಚಿಗೀತೈತಿ.”

“ಹಿಂಗ ಕಡದ್ರ ಹೂ ಬಿಡೂದಿಲ್ಲ, ಕಾಯಿ ಕಟ್ಟೂದಿಲ್ಲ. ಬೀಜಾನ ಇಲ್ಲಂದ್ರ ಮರಿಗಿಡ ಎಲ್ಲಿಂದ ಬರಬೇಕ್ರಿ? ಒಂದೆರಡು ಎಲಿ ಸಾಕು.”

“ಒಂದೆಲಿ ಕೊಟ್ರ ಜಿಪುಣ ಅಂತಾರ ಮಂದಿ!”

ಕರುಣಾ ವಾದಕ್ಕೆ ಇಳಿಯಲಿಲ್ಲ. ಒಂದು ಟೊಂಗೆಯ ತೊಗಟೆಯನ್ನು ಉಗುರಿನಿಂದ ಕೆರೆದಳು.

“ಜೀವ ಇದ್ರ ಒಳಗ ಹಸರ ಇರತೈತಿ. ನೀವ ನೋಡ್ರಿ.”

ಒಳಗೆ ಕಂದು ಬಣ್ಣವಿತ್ತು. ಪ್ರತಾಪ ಇನ್ನೊಂದು ಟೊಂಗೆ ಕೆರೆದ. ಅದೂ ಒಣಗಿತ್ತು. ಒಂದಾದ ಮೇಲೊಂದು ಕೆರೆಯುತ್ತ ಹೋದ. ಪಡುವಣಕ್ಕೆ ಚಾಚಿದ್ದ ಒಂದೇ ಒಂದು ಟೊಂಗೆಯಲ್ಲಿ ಹಸಿರು ಸಿಕ್ಕಿತು.

“ಉಳಿತೈತೇನವಾ?” ಕಟ್ಟೆಯ ಮೇಲಿಂದ ಮುದಕವ್ವ ಕೇಳಿದಳು.

“ಗೊತ್ತಿಲ್ರಿ ಅತ್ತಿ. ನಿಮ್ಮ ಮುಂದ ಸುಳ್ಳ ಹೇಳೂದಿಲ್ಲ.”

“ನಿಮ್ಮ ಮಾವ ಕೊಡಾ ಹೊತ್ತು ನೀರ ಹಾಕಿ ಬೆಳೆಸಿದ್ರು. ನಾ ಇರೂತನಕರ ಇರ್ಲಿ ಅನ್ಕೊಂಡಿದ್ದೆ.”

ಪ್ರತಾಪ ಕುಡಗೋಲನ್ನು ಒಳಗೆ ಒಯ್ದಿಟ್ಟ. ಅವ್ವನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಸಂಜೆ ನಮ್ಮ ಮನೆಗೆ ಬಂದಾಗ ಅವನ ಕೈಯಲ್ಲಿ ಒಂದೇ ಎಲೆ ಇತ್ತು.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ದಾಕ್ಷಾಯಿಣಿ ಅಕ್ಕಾರ. ಆದ್ರ ತಿರುಗಿ ನನಗ ಕೊಡ್ರಿ. ಮುಂದಿನ ಮನಿಗೂ ಇದ ಎಲಿ.”

ನಾನು ಎಲೆಯನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟೆ. ಯಾರೂ ಅವನನ್ನು ಜಿಪುಣ ಅನ್ನಲಿಲ್ಲ. ಓಣಿಯೆಲ್ಲ ತಿರುಗಿ ಕೊನೆಗೆ ಅದು ಮುದಕವ್ವನ ಕೈಗೆ ಬಂದಾಗ ಬಾಡಿತ್ತು. ಆಕೆ ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರ ಉಳಿಯುತ್ತದೋ ಇಲ್ಲವೋ ಇನ್ನೂ ತಿಳಿದಿಲ್ಲ. ಮುದಕವ್ವ ಈಗಲೂ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗುತ್ತಾಳೆ. ನೆರಳಿಲ್ಲ, ಅದಕ್ಕೆ ಛತ್ರಿ ಒಯ್ಯುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಬನ್ನಿ ಮರವನ್ನು ಇಂದೇ ಹೋಗಿ ನೋಡಿ. ದಸರೆಗೆ ಟೊಂಗೆ ಕಡಿಯಬೇಡಿ, ಕಡಿಯುವವರನ್ನು ತಡೆಯಿರಿ. ಮನೆಗೊಂದು ಎಲೆ ಸಾಕು, ಓಣಿಗೊಂದಾದರೂ ಸಾಕು. ಬೇಸಿಗೆಯಲ್ಲಿ ಕಾಯಿ ಬಿದ್ದರೆ ಬೀಜ ಆರಿಸಿ ಸಸಿ ಮಾಡಿ. ನಿಮ್ಮ ಮರದ ಕೆಳಗೆ ಯಾರೂ ಛತ್ರಿ ಹಿಡಿದು ಕೂಡುವಂತಾಗದಿರಲಿ.