ಕೊಳದ ದಡದಲ್ಲಿ ಉಳಿದವರು

ಉಷ್ತೊಬೆ ಊರಿನ ಪ್ರಾರ್ಥನಾ ಮಂದಿರಕ್ಕೆ ಭಾನುವಾರ ಮೊದಲು ಬರುತ್ತಿದ್ದುದು ಟ್ರೊಫೀಮ್ ಶೆಗಾಯನ ಮೋಟಾರ್ ಸೈಕಲ್ಲಿನ ಸದ್ದು, ಆಮೇಲೆ ಅದರ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನಲ್ಲಿ ಶಾಲು ಹೊದ್ದು ಕೂತ ಅವನ ಹೆಂಡತಿ ಪೊಲೀನಾ. ಅವಳು ಒಳಗೆ ಹೋಗುತ್ತಿದ್ದಳು. ಅವನು ಅಂಗಳದಲ್ಲೇ ಉಳಿದು ಬೀಡಿಯಂಥ ಕಟು ಸಿಗರೇಟು ಸೇದುತ್ತ ಆರಾಧನೆ ಮುಗಿಯುವುದನ್ನು ಕಾಯುತ್ತಿದ್ದ.

"ಒಳಗ್ ಬನ್ನಿ ಟ್ರೊಫೀಮಣ್ಣ, ಒಲೆ ಹಚ್ಚಿದೀವಿ," ಎಂದು ಯಾರಾದರೂ ಕರೆದರೆ ಅವನ ಉತ್ತರ ಒಂದೇ: "ನಿಮ್ ದೇವ್ರಿಗೂ ನನಗೂ ಜಗಳ ಏನಿಲ್ಲಪ್ಪ. ಪರಿಚಯ ಇಲ್ಲ, ಅಷ್ಟೆ."

ಅವನು ಆಯುಷ್ಯವನ್ನೆಲ್ಲ ಈರುಳ್ಳಿ ಹೊಲದಲ್ಲಿ ಕಳೆದವನು. ಸಾಮೂಹಿಕ ಜಮೀನಿದ್ದ ಕಾಲದಲ್ಲಿ ಕೂಲಿ ತಂಡದ ಮುಖಂಡ. ಓದು ಅಂದರೆ ಅವನಿಗೆ ದಿನಪತ್ರಿಕೆ, ಇಲ್ಲವೇ ಬೀಜದ ಪೊಟ್ಟಣದ ಹಿಂಬದಿ. ಪೊಲೀನಾ ಹಾಗಲ್ಲ. ಊರಿನ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವಳು, ಅನ್ನದ ತಪ್ಪಲೆಗೆ ನೀರಿಡುವಾಗಲೂ ಒಂದು ಕೈಯಲ್ಲಿ ಪುಸ್ತಕ. ಪ್ರತಿ ಭಾನುವಾರ ಪಾಸ್ಟರನ ಪ್ರಸಂಗಕ್ಕೆ ಮೊದಲು ಸತ್ಯವೇದದ ಪಾಠ ಓದುವವಳು ಅವಳೇ. ಅವಳು ಓದಿದರೆ ಪಕ್ಕದ ಮನೆಯವರು ಬಂದು ನಿನ್ನೆ ನಡೆದದ್ದನ್ನು ಹೇಳಿದ ಹಾಗಿರುತ್ತಿತ್ತು.

ಚಳಿಗಾಲಕ್ಕೆಂದು ಎಲೆಕೋಸಿಗೆ ಉಪ್ಪು ಹಚ್ಚುತ್ತಿದ್ದಾಗ ಪೊಲೀನಾ ಅಡುಗೆಮನೆಯಲ್ಲಿ ಕುಸಿದಳು. ಪಾರ್ಶ್ವವಾಯು. ಕಾಲು ಎಳೆದುಕೊಂಡು ನಡೆಯುವಷ್ಟಾಯಿತು, ನಾಲಿಗೆಯೂ ತಿರುಗಿತು. ಅಕ್ಷರ ಮಾತ್ರ ವಾಪಸು ಬರಲಿಲ್ಲ. ತನ್ನ ಹೆಸರನ್ನು ತಾನೇ ಬರೆದಳು; ಬರೆದದ್ದನ್ನು ಓದಲು ಹೋದರೆ ಆಗಲಿಲ್ಲ.

"ಕಣ್ಣಿಗೆ ಕಾಣುತ್ತೆ ಕಣೋ," ಅಂದಳು ಗಂಡನಿಗೆ. "ಆದ್ರೆ ಒಂದೂ ಮಾತಾಡಲ್ಲ. ಮುನಿಸ್ಕೊಂಡಿರೋ ಹಾಗೆ ಸುಮ್ನೆ ನಿಂತಿವೆ."

ಅಷ್ಟೂ ದಿನ ಅಳದಿದ್ದವಳು ಅವತ್ತು ಅತ್ತಳು. ಟ್ರೊಫೀಮ್ ಅವಳ ದಪ್ಪ ಕಪ್ಪು ಸತ್ಯವೇದವನ್ನು ತಂದು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡ.

"ಎಲ್ಲಿಂದ ಓದ್ಲಿ?"

ಬೆಳಗಿನ ಚಹಾ ಆದಮೇಲೆ ಓದುವುದು ಹೀಗೆ ಶುರುವಾಯಿತು. ಮೊದಮೊದಲು ಡಂಗುರ ಸಾರುವವನಂತೆ ಓದುತ್ತಿದ್ದ. ಇಂಥವನು ಇಂಥವನನ್ನು ಪಡೆದನು ಎಂಬ ವಂಶಾವಳಿಗಳು ಬಂದರೆ ಮೆಲ್ಲಗೆ ಹಾರಿಸುತ್ತಿದ್ದ.

"ಮೂರು ತಲೆಮಾರು ನುಂಗಿದೆಯಲ್ಲೋ, ಕಳ್ಳ," ಅನ್ನುತ್ತಿದ್ದಳು ಪೊಲೀನಾ, ಕಣ್ಣು ಮುಚ್ಚಿಕೊಂಡೇ.

ದಿನ ಕಳೆದಂತೆ ಅವನು ಓದುವುದಕ್ಕಿಂತ ವಾದ ಮಾಡುವುದೇ ಹೆಚ್ಚಾಯಿತು. ಹಾಳಾಗಿ ಹೋಗಿ ಮನೆಗೆ ಮರಳಿದ ಕಿರಿಮಗನಿಗೆ ಅಪ್ಪ ಔತಣ ಮಾಡಿಸಿದ್ದನ್ನು ಓದಿ ಪುಸ್ತಕ ಮುಚ್ಚಿಯೇಬಿಟ್ಟ. "ಹೊಲದಲ್ಲಿ ಬೆನ್ನು ಮುರ್ಕೊಂಡು ದುಡಿದ ದೊಡ್ಡೋನಿಗೆ ಏನ್ ಸಿಕ್ತು? ನನ್ ತಂಡದಲ್ಲಿ ಹೀಗ್ ಮಾಡಿದ್ರೆ ಮಾರನೇ ದಿನ ಒಬ್ಬನೂ ಕೆಲಸಕ್ಕೆ ಬರ್ತಿರ್ಲಿಲ್ಲ!"

ಕಾಯಿಲೆ ಬಿದ್ದಮೇಲೆ ಪೊಲೀನಾ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ ಮೊದಲು.

ಚಳಿ ಹಿಂದೆ ಸರಿಯುವ ಹೊತ್ತಿಗೆ ಪಾಸ್ಟರ್ ಮಾರ್ಲೆನ್ ಮನೆಗೆ ಬಂದ. ಮಾರ್ಕ್ಸ್ ಮತ್ತು ಲೆನಿನ್ ಇಬ್ಬರ ಹೆಸರನ್ನೂ ಕೂಡಿಸಿ ಅಪ್ಪ ಇಟ್ಟ ಹೆಸರು. ಮಗ ಪಾಸ್ಟರ್ ಆದದ್ದಕ್ಕೆ ಊರೆಲ್ಲ ಇನ್ನೂ ನಗುತ್ತಿತ್ತು. ಪೊಲೀನಾ ಓದಲಾರದೆ ಹೋದ ಮೇಲೆ ಪಾಠ ಓದುವವರಿಲ್ಲದೆ ತಾನೇ ಓದುತ್ತಿದ್ದೇನೆ, ಯಾರನ್ನಾದರೂ ಸೂಚಿಸಬೇಕು ಎಂದ.

"ಇವನೇ ಓದ್ತಾನೆ," ಅಂದಳು ಪೊಲೀನಾ.

ಟ್ರೊಫೀಮ್ ಚಹಾದ ಲೋಟ ಕೆಳಗಿಟ್ಟ. "ನಾನಾ? ನಾನು ನಂಬೋನೇ ಅಲ್ಲ!"

"ನಂಬೋದು ಆಮೇಲೆ ನೋಡ್ಕೊಳೋಣ. ಓದೋಕಂತೂ ಬರುತ್ತಲ್ಲ."

"ಸಭೆಯ ಹಿರಿಯರು ಏನಂತಾರೋ ಅಕ್ಕ..." ಮಾರ್ಲೆನ್ ಕತ್ತು ತುರಿಸಿಕೊಂಡ.

"ಸತ್ಯವೇದದಲ್ಲಿ ಬಿಳಾಮನ ಕತ್ತೆ ಬಾಯಲ್ಲೇ ಕರ್ತನು ಮಾತಾಡಿಸಲಿಲ್ವಾ? ನನ್ ಗಂಡ ಅದಕ್ಕಿಂತ ಎಷ್ಟೋ ಮೇಲು ಅನ್ನು ಅವರಿಗೆ."

"ಇದು ಹೊಗಳೋದೋ, ಬೈಯೋದೋ?" ಅಂದ ಟ್ರೊಫೀಮ್. ಆದರೆ ಹೆಂಡತಿಯ ಮುಖ ನೋಡಿದಮೇಲೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮನೆಯಲ್ಲೊಮ್ಮೆ ಓದಿ ನೋಡು ಎಂದು ಅವಳು ಎಷ್ಟು ಹೇಳಿದರೂ ಕೇಳಲಿಲ್ಲ. ಸಸಿ ಮಡಿಗೆ ಹೊದಿಕೆ ಹಾಕುವುದಿದೆ ಎಂದು ತಪ್ಪಿಸಿಕೊಂಡ.

ಭಾನುವಾರ ಅವನು ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಮುಂದೆ ನಿಂತ. ಪಾಠ ಬೇಥೆಸ್ದ ಕೊಳದ್ದು. ಕೊಳದ ಸುತ್ತ ಕುರುಡರು, ಕುಂಟರು, ಮೈ ಬತ್ತಿದವರು ಗುಂಪುಗುಂಪಾಗಿ ಮಲಗಿದ್ದರು. ನೀರು ಕದಲಿದಾಗ ಮೊದಲು ಇಳಿದವನಿಗೆ ವಾಸಿ. ಅಲ್ಲಿ ಬಹಳ ವರ್ಷಗಳಿಂದ ಬಿದ್ದಿದ್ದವನೊಬ್ಬ, ನನ್ನನ್ನು ನೀರಿಗೆ ಇಳಿಸಲು ಯಾರೂ ಇಲ್ಲ ಎಂದು ಯೇಸುವಿಗೆ ಹೇಳಿದ. ಯೇಸು ಅವನನ್ನು ಎಬ್ಬಿಸಿದ. ಅವನು ಹಾಸಿಗೆ ಸುತ್ತಿಕೊಂಡು ನಡೆದುಹೋದ.

ಟ್ರೊಫೀಮ್ ಅಲ್ಲಿಗೆ ನಿಂತ. ಹಾಳೆ ಹಿಂದಕ್ಕೆ ಮಗುಚಿ ನೋಡಿದ, ಮುಂದಕ್ಕೆ ಮಗುಚಿ ನೋಡಿದ.

"ಉಳಿದವರು?" ಅಂದ.

ಸಭೆ ತಲೆಯೆತ್ತಿತು.

"ಅಷ್ಟೊಂದು ಜನ ಮಲಗಿದ್ರು ಅಂತ ಮೇಲೇ ಬರೆದಿದೆ. ಒಬ್ಬ ಎದ್ದು ಹೋದ. ಉಳಿದವರ ಕತೆ ಏನು? ಇಲ್ಲಿ ಒಂದು ಸಾಲೂ ಇಲ್ಲ." ಹಿರಿಯರೊಬ್ಬರು ಕೆಮ್ಮಿ ಎಚ್ಚರಿಸಿದರು. ಅವನಿಗದು ಕೇಳಿಸಲೇ ಇಲ್ಲ. ಕಣ್ಣು ಸಭೆಯ ಮೊದಲ ಸಾಲಿನಲ್ಲಿ, ಸೋತ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಪೊಲೀನಾಳ ಮೇಲಿತ್ತು. "ಅವರೂ ಕಾಯ್ತಿದ್ರಲ್ಲ," ಎಂದ.

ಎಲ್ಲರೂ ಪಾಸ್ಟರನ ಕಡೆ ತಿರುಗಿದರು. ಮಾರ್ಲೆನ್ ಎದ್ದ.

"ನನಗೆ ಗೊತ್ತಿಲ್ಲ, ಟ್ರೊಫೀಮಣ್ಣ," ಅಂದ.

ಆಗ ಕಿಟಕಿಯ ಬಳಿಯಿಂದ ಜರ್ಮನ್ ಮುದುಕಿ ಫ್ರೀದಾಳ ದನಿ ಬಂತು. ಪೋಲಿಯೋ ಬಂದು ಚಿಕ್ಕಂದಿನಿಂದ ಊರುಗೋಲಿನಲ್ಲೇ ನಡೆದವಳು. "ಹುಡುಗಿಯಾಗಿದ್ದಾಗಿಂದ ಈ ಪಾಠ ಕೇಳ್ತಿದೀನಿ. ಕೇಳಿದಾಗೆಲ್ಲ ನನಗೂ ಅದೇ ಅನಿಸುತ್ತೆ. ಕೇಳೋಕೆ ಭಯ ಆಗ್ತಿತ್ತು, ಅಷ್ಟೆ."

ಒಲೆಯೊಳಗೆ ಕಲ್ಲಿದ್ದಲು ಚಟಪಟ ಅಂದಿತು.

"ಮುಂದೆ ಓದೋ," ಅಂದಳು ಪೊಲೀನಾ, ಮನೆಯಲ್ಲಿ ಅನ್ನುವ ಹಾಗೇ.

ಅವನು ಓದಿ ಮುಗಿಸಿದ. ಮಾರ್ಲೆನ್ ಸಿದ್ಧಮಾಡಿಕೊಂಡಿದ್ದ ಪ್ರಸಂಗವನ್ನು ಜೇಬಿಗೆ ಸೇರಿಸಿ, ಕೊಳದ ದಡದಲ್ಲಿ ಉಳಿದವರಿಗಾಗಿ ಪ್ರಾರ್ಥಿಸೋಣ ಎಂದ. ಜನ ಒಬ್ಬೊಬ್ಬರಾಗಿ ಎದ್ದು ಹೆಸರು ಹೇಳತೊಡಗಿದರು: ಕುಡಿತ ಬಿಡಲಾರದ ಅಳಿಯ, ಮಾತು ಬಾರದ ಮೊಮ್ಮಗಳು. ಎಚ್ಚರಿಸಲು ಕೆಮ್ಮಿದ್ದ ಹಿರಿಯರು ತಮ್ಮ ಹೆಂಡತಿಯ ಹೆಸರು ಹೇಳಿ ಕೂತರು.

ಊಟಕ್ಕೆ ತಣ್ಣನೆಯ ಶ್ಯಾವಿಗೆ ಸಾರು, ಖಾರದ ಕ್ಯಾರೆಟ್ಟು. ಟ್ರೊಫೀಮ್ ಏನೋ ಒಡೆದುಹಾಕಿದವನಂತೆ ತಟ್ಟೆ ನೋಡುತ್ತ ಕೂತಿದ್ದ. ಫ್ರೀದಾ ಊರುಗೋಲು ಊರಿಕೊಂಡು ಬಂದು ಅವನ ತಟ್ಟೆಗೆ ಇನ್ನಷ್ಟು ಕ್ಯಾರೆಟ್ಟು ಸುರಿದು, "ತಿನ್ನು. ಜಗಳ ಆಡೋಕೆ ಶಕ್ತಿ ಬೇಕು," ಎಂದು ಹೋದಳು.

ಮನೆಗೆ ಬಂದು ಹೆಂಡತಿಯ ಬೂಟು ಬಿಚ್ಚುತ್ತ ಅವನು ಅಂದ, "ನಿನ್ ಮಾನ ಕಳೆದೆ."

"ಇಲ್ಲ ಕಣೋ."

"ನಿನ್ ಅಕ್ಷರ ಯಾಕ್ ವಾಪಸ್ ಕೊಡ್ಲಿಲ್ಲ ನಿನ್ ದೇವ್ರು? ನೀನು ಯಾರಿಗ್ ಏನ್ ಅನ್ಯಾಯ ಮಾಡಿದ್ದೆ?"

"ನಂಗೂ ಸಿಟ್ಟಿದೆ," ಅಂದಳು ಪೊಲೀನಾ. ಅವನು ತಲೆಯೆತ್ತಿ ನೋಡಿದ. ಇದನ್ನು ಅವಳು ಯಾವತ್ತೂ ಹೇಳಿರಲಿಲ್ಲ. "ಪ್ರಾರ್ಥನೇಲಿ ಅವನಿಗೇ ಹೇಳ್ತೀನಿ. ಇನ್ಯಾರಿಗ್ ಹೇಳ್ಲಿ?" ಇನ್ನೊಂದು ಕಾಲನ್ನು ಅವನ ಕಡೆ ಚಾಚಿದಳು. "ಆದ್ರೆ ಆ ಕೊಳದ ಮನುಷ್ಯನ ಹಾಗೆ ನಂಗೆ ಯಾರೂ ಇಲ್ಲ ಅನ್ನೋಕೆ ಬಾಯಿ ಬರಲ್ಲಪ್ಪ. ಸುಳ್ಳಾಗುತ್ತೆ."

ಅವನು ಅವಳ ತಣ್ಣಗಾದ ಪಾದವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಬೆಚ್ಚಗಾಗುವವರೆಗೆ ತಿಕ್ಕಿದ.

ಆಮೇಲೆ ಕೇಳಿದ, "ಬರೋ ಭಾನುವಾರ ಯಾವ್ ಪಾಠವಂತೆ?"

"ಐದು ರೊಟ್ಟಿ, ಎರಡು ಮೀನು. ಅದರಲ್ಲೂ ತಕರಾರು ತೆಗೀಬೇಡ."

"ಓದಿ ನೋಡ್ಬೇಕು. ಈಗ್ಲೇ ಮಾತು ಕೊಡಲ್ಲ."

ಕನ್ನಡಕ ಏರಿಸಿ ಮಂಚದ ಪಕ್ಕ ಕೂತು ಓದತೊಡಗಿದ. ಪಾಠದಲ್ಲಿ ಗುಂಪು ಹುಲ್ಲಿನ ಮೇಲೆ ಕೂರುವ ಹೊತ್ತಿಗೆ ಪೊಲೀನಾಳಿಗೆ ನಿದ್ದೆ ಹತ್ತಿತ್ತು. ಅವನು ಅದನ್ನು ಕಂಡ. ಆದರೂ ನಿಲ್ಲಿಸಲಿಲ್ಲ, ದನಿಯನ್ನು ಮಾತ್ರ ತಗ್ಗಿಸಿ, ಒಂದು ಸಾಲನ್ನೂ ಹಾರಿಸದೆ ಓದುತ್ತ ಹೋದ.