ಕಾಮಣ್ಣನ ಕಾಲು

"ಮಾಮಾ, ಕಾಲಬೆರಳ ಅಲುಗಾಡಸ್ರಿ," ಅಂದಳು ನರ್ಸ್ ಪ್ರಾಜಕ್ತಾ. ಆಪರೇಷನ್ ಆದಾಗಿನಿಂದ ತಾಸಿಗೊಮ್ಮೆ ಅವಳದು ಇದೇ ಮಾತು.

"ಅಲುಗಾಡಸಾಕತ್ತೀನಲ್ಲವಾ, ಕಣ್ಣ ಕಾಣಸಂಗಿಲ್ಲೇನ ನಿನಗ?" ಅಂದ ಕಾಮಣ್ಣ.

ಬೆರಳು ಅಲುಗಲಿಲ್ಲ.

ಮಂಚದ ಕಾಲ್ದೆಸೆಗೆ ನಿಂತಿದ್ದ ಮಗಳು ಛಾಯಾ ಇನ್ನೊಮ್ಮೆ ನೋಡಿದಳು. ಎರಡು ಪಾದಗಳೂ ಯಾರೋ ತಂದಿಟ್ಟು ಹೋದ ಸಾಮಾನಿನಂತೆ ಬಿದ್ದಿದ್ದವು. ಪ್ರಾಜಕ್ತಾ ಅಂಗಾಲನ್ನು ಜೋರಾಗಿ ಚಿವುಟಿದಳು. ಅಪ್ಪ ನಗುತ್ತಲೇ ಇದ್ದ. ಅವನಿಗೆ ಗೊತ್ತೇ ಆಗಿರಲಿಲ್ಲ.

ಪ್ರಾಜಕ್ತಾ ಓಡಿದಳು. ಡಾಕ್ಟರ್ ಯೋಗಿರಾಜ ಬಂದವರೇ ಮೆಷಿನ್ ನೋಡಿದರು. "ಬಿಪಿ ತೊಂಬತ್ತಕ್ಕ ಹ್ಯಾಂಗ ಬಂತು? ನಸುಕಿನ್ಯಾಗ ನೂರಾ ನಲವತ್ತಿತ್ತಲ್ಲ!"

ಛಾಯಾಳಿಗೆ ಆ ಲೆಕ್ಕ ಅರ್ಥವಾಗುತ್ತಿತ್ತು. ಏಳನೆಯ ಇಯತ್ತೆಗೇ ಸಾಲಿ ಬಿಟ್ಟವಳಾದರೂ ಆಪರೇಷನ್ನಿಗೆ ಮುಂಚೆ ಡಾಕ್ಟರು ಹೇಳಿದ್ದನ್ನೆಲ್ಲ ಗೋಡೆಗೆ ಒರಗಿ ಕೇಳಿಸಿಕೊಂಡಿದ್ದಳು. ಅಪ್ಪನ ಎದೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿತ್ತು. ಅದು ಒಡೆಯದಂತೆ ಒಳಗೊಂದು ಕೊಳವೆ ಕೂರಿಸಬೇಕಿತ್ತು. ಆದರೆ ಬೆನ್ನುಹುರಿಗೆ ರಕ್ತ ಒಯ್ಯುವ ಸಣ್ಣ ಕವಲುಗಳು ಆ ನಾಳದಿಂದಲೇ ಹೊರಡುತ್ತವೆ. ಕೆಲವು ಕೊಳವೆಯ ಹಿಂದೆ ಮುಚ್ಚಿಹೋಗುತ್ತವೆ. "ಉಳಿದ ದಾರೀಲೆ ರಕ್ತ ಹುರಿಗೆ ಮುಟ್ಟಬೇಕಂದ್ರ ನಾಕೈದ ದಿನ ಬಿಪಿ ಇಳೀಬಾರದು. ಇಳಿದ್ರ ಕಾಲ ಹೋಗ್ತಾವ," ಅಂದಿದ್ದರು. ಹುರಿಯ ಸುತ್ತಲಿನ ನೀರು ಬಸಿದು ಅದರ ಮೇಲಿನ ಒತ್ತಡ ಇಳಿಯಲೆಂದು ಬೆನ್ನಿಗೆ ಸಣ್ಣ ನಳಿಗೆಯನ್ನೂ ಹಾಕಿದ್ದರು.

"ಮನ್ಯಾಗ ಏನರೆ ಗುಳಗಿ ತಗೋತಿದ್ರೇನ?" ಅಂತಲೂ ಅವತ್ತು ಕೇಳಿದ್ದರು.

"ನಾ ಬೀರೋಬಾನ ಪೂಜಾರಿರಿ ಸಾಹೇಬ್ರ. ದೇವರ ಅರಿಶಿನ ಭಂಡಾರ ಬಿಟ್ರ ಬ್ಯಾರೆ ಔಷಧ ಈ ನಾಲಿಗಿಗೆ ಗೊತ್ತಿಲ್ಲ," ಅಂದಿದ್ದ ಅಪ್ಪ.

ಅವನಿಗೆ ಗೊತ್ತಿರಲಿಲ್ಲ, ಛಾಯಾಳಿಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಅಕ್ಕಲಕೋಟದ ಡಾಕ್ಟರು ಕೊಟ್ಟ ಬಿಪಿ ಗುಳಿಗೆಗಳನ್ನು ಅಪ್ಪ ತಿಪ್ಪೆಗೆ ಎಸೆದಿದ್ದ. ಆವತ್ತಿನಿಂದ ಅವ್ವ ಜನಾಬಾಯಿ ಚಪಳಗಾಂವದ ಮನೆಯಲ್ಲಿ ದಿನಾ ಬೆಳಿಗ್ಗೆ ಒಲೆಯ ಹಿಂದೆ ಕೂತು ಗುಳಿಗೆಯನ್ನು ಪುಡಿ ಮಾಡುತ್ತಿದ್ದಳು, ಭಂಡಾರದ ಅರಿಶಿನದಲ್ಲಿ ಬೆರೆಸುತ್ತಿದ್ದಳು. ದೇವರ ಪ್ರಸಾದವೆಂದು ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ನೆಕ್ಕುತ್ತಿದ್ದ. ಡಾಕ್ಟರು ಕೇಳಿದಾಗ ಛಾಯಾ ಅವ್ವನ ಮುಖ ನೋಡಿದ್ದಳು. ಅವ್ವ ನೆಲ ನೋಡಿದ್ದಳು. ಇಬ್ಬರೂ ಸುಮ್ಮನಿದ್ದರು.

ಈಗ ಅವ್ವ ಬಾಗಿಲ ಬಳಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಅವಳ ಬೆರಳುಗಳು ಹಳದಿಯಾಗಿದ್ದವು.

ಪರರ ಮುಂದೆ ಛಾಯಾಳ ದನಿ ಎಂದೂ ಹೊರಬಂದದ್ದಿಲ್ಲ. ಅಪ್ಪ ಎಚ್ಚರಾಗಿದ್ದಾನೆ, ಎಲ್ಲಾ ಕೇಳಿಸುತ್ತದೆ.

"ಅವ್ವ ಗುಳಗಿ ಕೊಟ್ಟಾಳ್ರಿ."

ಯಾರೂ ತಿರುಗಲಿಲ್ಲ.

"ಡಾಕ್ಟರ! ಅವ್ವ ಬಿಪಿ ಗುಳಗಿ ಕೊಟ್ಟಾಳ್ರಿ! ಭಂಡಾರದಾಗ ಹಾಕಿ!"

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. "ಯಾವಾಗ? ಎಷ್ಟ?"

"ನಸುಕಿನ್ಯಾಗ, ಚಹಾ ಕೊಡೂ ಹೊತ್ತಿಗೆ," ಅಂದಳು ಜನಾಬಾಯಿ. "ಎರಡ ದಿನ ತಪ್ಪಿತ್ತರಿ ಸಾಹೇಬ್ರ. ಅದಕ್ಕ... ಮೂರೂ ಕೂಡೇ ಕೊಟ್ಟೆ."

"ಅರೇ ದೇವಾ!" ಅಂದಳು ಪ್ರಾಜಕ್ತಾ.

ಜನಾಬಾಯಿ ಎಲೆಅಡಿಕೆಯ ಚಂಚಿಯಿಂದ ಗುಳಿಗೆಯ ಪಟ್ಟಿ ತೆಗೆದಳು. ಡಾಕ್ಟರು ಹೆಸರು ಓದಿ ಕಸಿದುಕೊಂಡರು. ಬಿಪಿ ಏರಿಸುವ ಔಷಧ ಹರಿಯತೊಡಗಿತು. ಬೆನ್ನಿನ ನಳಿಗೆಯಿಂದ ಇನ್ನಷ್ಟು ನೀರು ಬಸಿಯಲು ಬಿಟ್ಟರು. ಮೆಷಿನ್ನಿನ ಅಂಕಿ ನೂರು ದಾಟಿತು, ನೂರಿಪ್ಪತ್ತು ದಾಟಿತು.

ಜನಾಬಾಯಿ ಮಂಚದ ಹತ್ತಿರ ಬಂದಳು. "ನೀವು ಬದುಕಲೆಂತ ಕೊಟ್ಟೆನ್ರಿ."

ಕಾಮಣ್ಣ ಚಾವಣಿ ನೋಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಎಡಗಾಲಿನ ಹೆಬ್ಬೆರಳು ಒಂದು ಜೋಳದ ಕಾಳಿನಷ್ಟು ಸರಿಯಿತು. ಪ್ರಾಜಕ್ತಾ ಕೂಗಿಯೇಬಿಟ್ಟಳು. ಡಾಕ್ಟರು ನಗಲಿಲ್ಲ. "ತಡಾ ಆಗಿದ್ರ ಇದೂ ಇರತಿರಲಿಲ್ಲ. ಬಲಗಾಲಿಂದು ಈಗ ಹೇಳಾಕ ಬರಂಗಿಲ್ಲ."

ಅವರು ಹೋದ ಮೇಲೆ ಕಾಮಣ್ಣ ಕರೆದ. "ಛಾಯಾ."

"ಹೂಂ ಅಪ್ಪಾ."

"ನಿನಗೂ ಗೊತ್ತಿತ್ತೇನ?"

"ಹೂಂ."

"ನಾಕ ವರ್ಷ?"

ಅವಳು ತಲೆ ತಗ್ಗಿಸಿದಳು. ಕಾಮಣ್ಣ ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡ. ಆಮೇಲೆ ಅಂದ: "ಬಲಗಾಲಿಗೆ ಜೋರ ಹಾಕಾಕತ್ತೀನಿ. ನನಗ ತಿಳಿಯಂಗಿಲ್ಲ. ನೀ ನೋಡು. ಖರೇ ಹೇಳು."

ಛಾಯಾ ಬಗ್ಗಿ ಒಂದೊಂದೇ ಬೆರಳನ್ನು ನೋಡಿದಳು.

"ಇಲ್ಲಪ್ಪಾ," ಅಂದಳು. "ಇನ್ನಾ ಇಲ್ಲ."

"ನೋಡ್ಕೋತ ಇರು," ಅಂದ ಕಾಮಣ್ಣ.