ಗಿರಣಿ ಹಿಂದಿನ ಸ್ಕೂಟರು

"ಇವತ್ತೂ ಸ್ಕೂಟರ್ ಗಿರಣಿ ಹಿಂದೇನೇ ನಿಲ್ಲಿಸಿ ಬಂದ್ರಾ?" ಚಪ್ಪಲಿ ಬಿಡುತ್ತಿದ್ದ ನರ್ಸಮ್ಮನ ಕೈ ಹಿಡಿದು ಮನೆಯಾಕೆ ಕೇಳಿದಳು.

"ಹೂಂ ಅಕ್ಕ, ಅಭ್ಯಾಸ ಆಗ್ಬಿಟ್ಟಿದೆ," ಎಂದಳು ನರ್ಸಮ್ಮ ತಗ್ಗಿದ ದನಿಯಲ್ಲಿ.

ನಡುಮನೆಯಲ್ಲಿ ಮನೆಯಾಕೆಯ ತೀರಿಹೋದ ಗಂಡನನ್ನು ಮಲಗಿಸಿದ್ದರು. ಮೂವತ್ತು ವರ್ಷ ಫ್ಯಾನು, ಮಿಕ್ಸಿ ರಿಪೇರಿ ಮಾಡಿದ ಕೈಗಳು ಎದೆಯ ಮೇಲೆ ತೆಪ್ಪಗಿದ್ದವು. ಮೇಲೆ ಅವನೇ ಸರಿಮಾಡಿದ ಫ್ಯಾನು ಚೂರೂ ಸದ್ದಿಲ್ಲದೆ ತಿರುಗುತ್ತಿತ್ತು. ಹೆಣದ ಗಾಡಿ ಹನ್ನೊಂದಕ್ಕೆ ಬರುವುದಿತ್ತು. ಅಷ್ಟರೊಳಗೆ ಗಂಡನಿಗೆ ಕೊಟ್ಟ ಮಾತೊಂದನ್ನು ಅವಳು ಉಳಿಸಿಕೊಳ್ಳಬೇಕಿತ್ತು.

"ನಿಮ್ಮ ಚಿಕ್ಕಮ್ಮನ ಮಗಳು ಬಂದ್ರಲ್ಲ. ವಾರಕ್ಕೆರಡು ಸಲ ತಪ್ಪದೆ ಬರ್ತಿದ್ರು. ಒಡಹುಟ್ಟಿದವರೂ ಹಾಗೆ ಬರಲ್ಲ," ಎಂದಳು ಪಕ್ಕದ ಮನೆಯ ಸೊಸೆ, ನರ್ಸಮ್ಮನನ್ನು ನೋಡುತ್ತ. ನಿದ್ದೆಗೆಟ್ಟ ಕಣ್ಣುಗಳು ಅವಳವು. ಅವಳ ಅತ್ತೆ ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ಆಗಲೂ ಗೋಡೆಯಾಚೆಯಿಂದ ನರಳಾಟ ಕೇಳುತ್ತಲೇ ಇತ್ತು. ಕೂತವರೆಲ್ಲ ಕಿವಿಗೇ ಬೀಳದವರಂತೆ ಕೂತಿದ್ದರು.

ಮನೆಯಾಕೆ ನಿಜ ಹೇಳಲು ಬಾಯಿ ತೆರೆದಳು. ಮೂಲೆಯಲ್ಲಿದ್ದ ಭಾವ, ಗಂಡನ ಅಣ್ಣ, ಅಲ್ಲಿಂದಲೇ ಕಣ್ಣು ಬಿಟ್ಟರು. ತೆರೆದ ಬಾಯಿ ಮುಚ್ಚಿಕೊಂಡಿತು.

*

ಏಳು ತಿಂಗಳ ಹಿಂದೆ ಆಸ್ಪತ್ರೆಯ ಡಾಕ್ಟರು, "ಕ್ಯಾನ್ಸರ್ ಗೆಡ್ಡೆಗೆ ಇನ್ನು ಔಷಧ ನಾಟಲ್ಲ. ಆದ್ರೆ ನೋವಿಗೆ ಔಷಧ ಇದೆ, ನರ್ಸ್ ಮನೆಗೇ ಬರ್ತಾರೆ," ಎಂದು ಚೀಟಿ ಬರೆದುಕೊಟ್ಟಾಗ ಭಾವ ಹೌಹಾರಿದ್ದರು.

"ಆ ನರ್ಸ್ ಸ್ಕೂಟರ್ ಯಾರ ಮನೆ ಮುಂದೆ ನಿಂತ್ರೂ ರೋಗಿ ಇನ್ನು ಮೂರೇ ದಿನ ಅಂತಾರೆ. ತಮ್ಮನನ್ನ ಕೈಬಿಟ್ರು ಅಂತ ಬೀದಿಯೆಲ್ಲ ಆಡ್ಕೊಳ್ಳುತ್ತೆ. ಬರೋದಾದ್ರೆ ಗುಟ್ಟಾಗಿ ಬರ್ಲಿ."

ಹೀಗೆ ನರ್ಸಮ್ಮ ಚಿಕ್ಕಮ್ಮನ ಮಗಳಾದಳು. ಸ್ಕೂಟರು ಎರಡು ಬೀದಿ ಆಚೆ, ಹಿಟ್ಟಿನ ಗಿರಣಿ ಹಿಂದೆ ನಿಂತಿತು. ಔಷಧದ ಪೆಟ್ಟಿಗೆ ತರಕಾರಿ ಚೀಲ ಸೇರಿತು.

ಮೂರು ದಿನದಲ್ಲಿ ಆದದ್ದೇ ಬೇರೆ. ಮಂಡಿಯನ್ನು ಎದೆಗೊತ್ತಿಕೊಂಡು ಮುದುಡಿ ಮಲಗುತ್ತಿದ್ದವನು ಕಾಲು ಚಾಚಿ ನಿದ್ದೆ ಮಾಡಿದ. ಹತ್ತನೇ ದಿನ ಎದ್ದು ಕೂತು ಸ್ಕ್ರೂಡ್ರೈವರ್ ಕೇಳಿದ. "ನಿನ್ನ ಚಿಕ್ಕಮ್ಮನ ಮಗಳ ಕೈಗುಣ ಚೆನ್ನಾಗಿದೆ ಕಣೆ," ಎಂದು ಕಣ್ಣು ಹೊಡೆದ.

ಕಿವಿಯಿಂದಲೇ ರೋಗ ಹಿಡಿಯುವ ರಿಪೇರಿಯವನು ಅವನು. ಫ್ಯಾನು ಒಂದು ಸುತ್ತು ಸುತ್ತಿದರೆ ಸಾಕು, ಕೆಟ್ಟಿದ್ದು ಬೇರಿಂಗೋ ಕಾಯಿಲೋ ಹೇಳಿಬಿಡುತ್ತಿದ್ದ. ಹೋದ ತಿಂಗಳು ಒಂದು ಮಧ್ಯಾಹ್ನ ಗೋಡೆಗೆ ಕಿವಿಗೊಟ್ಟು ಕೂತಿದ್ದ.

"ಅದು ನಂದೇ ಸದ್ದು ಕಣೆ."

"ಏನಂದ್ರಿ?"

"ನರ್ಸಮ್ಮ ಬರೋಕೆ ಮುಂಚೆ ನಾನು ಹೀಗೇ ನರಳ್ತಿದ್ದೆ. ಆ ಅಮ್ಮನಿಗೂ ಕಮ್ಮಿ ಆಗುತ್ತೆ. ಹೇಳು ಅವರಿಗೆ."

"ಭಾವ ಬಯ್ಯಲ್ವಾ?"

"ಅಣ್ಣನಿಗೇನು, ನೋವಾ? ಬರೀ ಮರ್ಯಾದೆ. ನಾನಿರೋವಾಗ ಆಗದಿದ್ರೆ, ನನ್ನ ಇಲ್ಲಿಂದ ಎತ್ತೋಕೆ ಮುಂಚೆ ಹೇಳು. ಅವತ್ತು ಬೀದಿಗೆ ಬೀದಿಯೇ ನಮ್ಮನೇಲಿರುತ್ತೆ. ಅಷ್ಟು ಜನ ಇನ್ಯಾವತ್ತು ಸಿಗ್ತಾರೆ?" ಎಂದು ನಕ್ಕಿದ್ದ.

ಆಗಲಿ ಎಂದವಳು ನಾಳೆ, ನಾಳಿದ್ದು ಎಂದು ಒಂದು ತಿಂಗಳು ತಳ್ಳಿದಳು. ಅಷ್ಟೂ ದಿನ ಗೋಡೆಯಾಚೆ ಒಂದು ಜೀವ ನರಳಿತು. ಗಂಡ ಹೋದ ದುಃಖಕ್ಕಿಂತ ಈಗ ಅದೇ ಅವಳನ್ನು ಹೆಚ್ಚು ಚುಚ್ಚುತ್ತಿತ್ತು.

*

ಹನ್ನೊಂದಕ್ಕೆ ಕಾಲು ಗಂಟೆ ಇತ್ತು. ಗೋಡೆಯಾಚೆ ನರಳಾಟ ಜೋರಾಯಿತು. ಸೊಸೆ ದಡಬಡಿಸಿ ಎದ್ದಳು.

"ನಿಲ್ಲು," ಎಂದಳು ಮನೆಯಾಕೆ. "ಇವರು ನನ್ನ ಚಿಕ್ಕಮ್ಮನ ಮಗಳಲ್ಲ. ನರ್ಸು."

"ಈಗ್ಯಾಕಮ್ಮ ಅದೆಲ್ಲ?" ಭಾವ ಗದರಿದರು. "ಹೆಣದ ಮುಂದೆ!"

"ಈಗಲೇ ಬೇಕು ಭಾವ. ನಿಮ್ಮ ತಮ್ಮನಿಗೇ ಮಾತು ಕೊಟ್ಟಿದ್ದೀನಿ." ಅವಳು ಎದ್ದು ನಿಂತಳು. "ಎಲ್ಲರೂ ಕೇಳಿಸ್ಕೊಳ್ಳಿ. ಪ್ಯಾಲಿಯೇಟಿವ್ ಕೇರ್ ಅಂತಾರೆ, ನೋವು ಕಮ್ಮಿ ಮಾಡೋ ಆರೈಕೆ. ಅವರು ಬಂದ್ರೆ ಮೂರೇ ದಿನ ಅಂತೀರಲ್ಲ, ನಮ್ಮನೆಯವರು ಏಳು ತಿಂಗಳಿದ್ರು. ಕಾಯಿಲೆ ವಾಸಿ ಆಗ್ಲಿಲ್ಲ, ನೋವು ಹಿಡಿತಕ್ಕೆ ಬಂತು. ಈ ಏಳು ತಿಂಗಳು ನಿಮ್ಮ ಫ್ಯಾನು, ಮಿಕ್ಸಿ ಮಾಡ್ಕೊಟ್ಟಿದ್ದೆಲ್ಲ ಆ ಔಷಧ ಕುಡಿದೇ."

"ನಮ್ಮ ಟೇಬಲ್ ಫ್ಯಾನೂನಾ?" ಬಾಗಿಲಲ್ಲಿದ್ದ ಮುದುಕರೊಬ್ಬರು ಕೇಳಿಯೇಬಿಟ್ಟರು.

"ಅದೂನೂ."

ಹೊರಟಿದ್ದ ಸೊಸೆ ಹಿಂತಿರುಗಿ ಬಂದಳು. "ನಮ್ಮತ್ತೆ ಒದ್ದಾಡ್ತಿರೋದು ಕೇಳ್ತಾನೇ ಇದ್ರಿ. ಗೊತ್ತಿದ್ದೂ ಹೇಳ್ಲಿಲ್ವಾ ಅಕ್ಕ?"

"ಹೇಳ್ಲಿಲ್ಲ. ಜನಕ್ಕೆ ಹೆದರಿದೆ. ಬಯ್ಯೋದಿದ್ರೆ ಆಮೇಲೆ ಎಷ್ಟು ಬೇಕಾದ್ರೂ ಬಯ್ಯಿ. ಮೊದಲು ಇವರನ್ನ ಕರ್ಕೊಂಡು ಹೋಗು."

ಸೊಸೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ನರ್ಸಮ್ಮನ ಕಡೆ ತಿರುಗಿದಳು. "ಬನ್ನಿ."

"ಅತ್ತೆಯವರನ್ನ ನೋಡಿ ಡಾಕ್ಟರಿಗೆ ಫೋನ್ ಮಾಡ್ತೀನಿ. ಪೆಟ್ಟಿಗೆ ಮಾತ್ರ ಸ್ಕೂಟರಲ್ಲೇ ಇದೆ," ಎಂದಳು ನರ್ಸಮ್ಮ.

"ಸ್ಕೂಟರನ್ನೇ ತನ್ನಿ," ಎಂದಳು ಮನೆಯಾಕೆ. "ಅವರ ಬಾಗಿಲಿಗೇ."

ಹೆಣದ ಗಾಡಿ ಬಂದಾಗ ಪಕ್ಕದ ಮನೆಯೆದುರು ಸ್ಕೂಟರು ಅಡ್ಡ ನಿಂತಿತ್ತು. ಇಕ್ಕಟ್ಟಿನ ಬೀದಿ. ಡ್ರೈವರು ಹಾರ್ನ್ ಮಾಡಿದ. "ಯಾರ್ರೀ ಅದು, ತೆಗೀರಿ!"

ಯಾರೂ ಕದಲಲಿಲ್ಲ. ಭಾವ ಇಳಿದು ಹೋದರು. ಸ್ಕೂಟರಿನ ಪಕ್ಕದ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದ ಪ್ಯಾಲಿಯೇಟಿವ್ ಕೇರ್ ಎಂಬ ಹೆಸರನ್ನೂ ಫೋನ್ ನಂಬರನ್ನೂ ನೋಡುತ್ತ ನಿಂತರು. ಗಿರಣಿ ಕಡೆಗೆ ತಳ್ಳಿಬಿಡುತ್ತಾರೇನೋ ಎಂದು ಅವಳು ಹೊಸ್ತಿಲು ದಾಟಿ ಮುಂದೆ ಬಂದಳು.

ಭಾವ ಹಿಂದಿನ ಚಕ್ರ ಎತ್ತಿ, ಸ್ಕೂಟರನ್ನು ಎಳೆದು ಪಕ್ಕದ ಮನೆಯ ಮೆಟ್ಟಿಲಿಗೆ ಒತ್ತಿ ನಿಲ್ಲಿಸಿದರು. ಅಕ್ಷರಗಳು ಗೋಡೆ ಕಡೆಗಿದ್ದವು. ಎರಡು ಹೆಜ್ಜೆ ಬಂದವರು ಮತ್ತೆ ಹೋಗಿ, ಅಕ್ಷರಗಳು ಬೀದಿಗೆ ಕಾಣುವಂತೆ ಅದನ್ನು ತಿರುಗಿಸಿದರು.